ಅರ್ಧ ಸ್ವರದ ಎತ್ತರ

ಮೊನ್ನೆ ಗ್ರಂಧಿಗೆ ಅಂಗಡಿಯಿಂದ ತಂದ ಪೊಟ್ಟಣ ಬಿಚ್ಚಿದಾಗ ನಾನು ಕೇಳದೇ ಇದ್ದ ಒಂದು ಕಡ್ಡಿ ಅದರಲ್ಲಿತ್ತು. ಹೊರಗೆ ಕಂದು, ಮುರಿದ ಕಡೆ ಹಳದಿ. ಮೂಗಿನ ಹತ್ತಿರ ಹಿಡಿದೆ. ಅತಿಮಧುರ. ಒಣಮಣ್ಣಿಗೆ ಯಾರೋ ಒಂದಿಷ್ಟು ಬೆಲ್ಲ ಬೆರೆಸಿಟ್ಟಂಥ ವಾಸನೆ... ಹಿತ್ತಿಲ ಗೋಡೆಯ ಆಚೆಯಿಂದ ಒಂದು ಹೆಣ್ಣುದನಿ ಮೆಟ್ಟಿಲು ಹತ್ತಿದ ಹಾಗೆ ಮೇಲೇರುವುದು ಕೇಳಿಸಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಏನೂ ಕೇಳಿಸಲಿಲ್ಲ. ಕೇಳಿಸಬೇಕಿತ್ತು ಎನ್ನುವುದಷ್ಟೇ ನೆನಪಾಯಿತು.

ಅವರನ್ನು ನಾವು ಹಿಂದಿನ ಮನೆ ಮಿಸ್ಸು ಎನ್ನುತ್ತಿದ್ದೆವು. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ಒಂದೇ ಗೋಡೆ. ಹುಡುಗಿಯರ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದರು. ಭಾನುವಾರ ಚರ್ಚಿನ ಮೇಳದಲ್ಲಿ ಎಲ್ಲರಿಗಿಂತ ಮೇಲಿನ ದನಿ ಅವರದು. ಅದಕ್ಕೆ ಸೊಪ್ರಾನೊ ಎನ್ನುತ್ತಾರೆಂದು ನನಗೆ ಹೇಳಿಕೊಟ್ಟವರೂ ಅವರೇ. ಮದುವೆಯಾಗಿರಲಿಲ್ಲ. ನಲವತ್ತರ ಹತ್ತಿರವಿದ್ದರು ಎಂದು ಆಗ ಅಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಅಷ್ಟಿರಲಾರದು. ಬೆಳಿಗ್ಗೆ ಕಾಗೆ ಕೂಗುವ ಮೊದಲೇ ಅವರ ಸ್ವರಾಭ್ಯಾಸ ಶುರುವಾಗುತ್ತಿತ್ತು. ಅದು ಕೇಳಿದ ಮೇಲೆಯೇ ಅಮ್ಮ ಕಾಫಿಗೆ ನೀರಿಡುತ್ತಿದ್ದಳು.

"ಬೆಳಗಾಗೆದ್ದು ಅದೇನು ಕಿರುಚ್ತಾರೋ ಮಹಾತಾಯಿ. ರಾಗ ಯಾವುದು ಅಂತ ಹೇಳ್ಕೊಳ್ಳೋಕೂ ನಾಚಿಕೆ ಪಡೋ ಹಾಡು," ಎಂದು ಗೊಣಗುತ್ತಿದ್ದವಳೂ ಅಮ್ಮನೇ, ಗೋಡೆಯ ಮೇಲಿಂದ ಅತಿಮಧುರದ ಕಡ್ಡಿ ಕೊಡುತ್ತಿದ್ದವಳೂ ಅಮ್ಮನೇ. "ಅಗೀತಾ ಇರಿ ಮಿಸ್ಸು, ಗಂಟಲಿಗೆ ಒಳ್ಳೇದು. ಕಿರುಚೋದು ಹೆಂಗಿದ್ರೂ ಬಿಡಲ್ಲವಲ್ಲ ನೀವು!" ಮಿಸ್ಸು ನಕ್ಕು ಕಡ್ಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು.

ನಾನಾಗ ಎಂ.ಎ. ಓದುತ್ತಿದ್ದೆ. ಸಂಜೆಯ ಮೇಲೆ ಆರು ಸಣ್ಣ ಪದ್ಯ ಬರೆದಿದ್ದೆ. ಅವು ಒಳ್ಳೆಯವಲ್ಲ ಎಂದು ಇಂದು ಹೇಳಬಲ್ಲೆ. ಅಂದು ಯಾರಾದರೂ ಹೇಳಿದ್ದರೆ ಜಗಳವಾಡುತ್ತಿದ್ದೆ. ಕಾಲೇಜಿನ ಪತ್ರಿಕೆಯಲ್ಲಿ ಅಚ್ಚಾದ ಅವನ್ನು ಮಿಸ್ಸು ಓದಿ ಬ್ಯಾಂಡ್ ಮೇಷ್ಟರಿಗೆ ತೋರಿಸಿದರು. ಮೇಷ್ಟರು ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಆಯುಷ್ಯವೆಲ್ಲ ಕಳೆದು ನಿವೃತ್ತರಾದವರು. ಬೇರೆಯವರು ಬರೆದ ಮಾರ್ಚು, ವಾಲ್ಟ್ಸುಗಳನ್ನೇ ನುಡಿಸಿ ನುಡಿಸಿ ಬೇಸತ್ತವರು. ಸತ್ತುಹೋಗುವ ಮೊದಲು ತಮ್ಮದೇ ಒಂದು ಕೃತಿಯನ್ನು ನಾಲ್ಕು ಜನರ ಮುಂದೆ ಕೇಳಬೇಕು ಎನ್ನುವುದು ಅವರ ಆಸೆ. ಆರು ಪದ್ಯವನ್ನೂ ಒಂದರ ಹಿಂದೆ ಒಂದು ಹಾಡುವ ಮಾಲೆಯಾಗಿ, ಒಂದು ಸೊಪ್ರಾನೊ, ಒಂದು ಪಿಟೀಲು, ಕೂತು ನುಡಿಸುವ ದೊಡ್ಡ ಪಿಟೀಲಿನಂಥ ಒಂದು ಚೆಲ್ಲೋ, ಒಂದು ಕ್ಲಾರಿನೆಟ್ಟಿಗೆ ಅವರು ಬರೆದರು. ಆ ಸೊಪ್ರಾನೊ ಬೇರೆ ಯಾರೂ ಅಲ್ಲ. ನಮ್ಮ ಊರಿನಲ್ಲಿ ಅಂಥ ದನಿ ಇದ್ದದ್ದೇ ಒಂದು.

ಕನ್ನಡದ ಪದ ಎಲ್ಲಿ ಎಳೆಯಬೇಕು, ಎಲ್ಲಿ ಎಳೆಯಬಾರದು ಎಂದು ಹೇಳಲು ನಾನು ಮಿಸ್ಸಿನ ಮನೆಗೆ ಹೋಗುತ್ತಿದ್ದೆ. "ನಿನ್ನ ಪದ್ಯದಲ್ಲಿ ಉಸಿರಾಡೋಕೇ ಜಾಗ ಇಲ್ವಲ್ಲೇ, ಬರೆಯೋವಾಗ ಮೂಗು ಹಿಡ್ಕೊಂಡಿದ್ಯಾ?" ಎಂದು ರೇಗಿಸುತ್ತಿದ್ದರು. ಕೊನೆಯ ಪದ್ಯ ಮೂರೇ ಸಾಲು. ಕದ ತೆರೆದೇ ಇದೆ, ದೀಪ ಇನ್ನೂ ಇದೆ, ಬಾ. ಆ 'ಬಾ' ಎನ್ನುವುದನ್ನು ಮೇಷ್ಟರು ಇಡೀ ಮಾಲೆಯ ಅತಿ ಎತ್ತರದ ಸ್ವರದಲ್ಲಿ ಕೂರಿಸಿದ್ದರು.

"ಯಾರನ್ನ ಕರೀತಿದ್ದೀಯ ಇಲ್ಲಿ?" ಎಂದು ಮಿಸ್ಸು ಒಂದು ದಿನ ಕೇಳಿದರು.

"ಗೊತ್ತಿಲ್ಲ ಮಿಸ್. ಹಾಗೇ ಬಂತು."

"ಗೊತ್ತಿಲ್ದೆ ಕರೀಬಾರದು ಕಣೇ. ಯಾರಾದ್ರೂ ಬಂದ್ಬುಟ್ಟಾರು."

ನಾವಿಬ್ಬರೂ ನಕ್ಕೆವು. ಇದು ನಿಜವಾಗಿ ನಡೆದದ್ದೋ, ಮುಂದೆ ಆದದ್ದಕ್ಕೆ ಹೊಂದಲಿ ಎಂದು ನನ್ನ ನೆನಪು ಹೊಲಿದುಕೊಂಡದ್ದೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಕ್ಕದ್ದಂತೂ ನಿಜ. ನಗುವಿನ ನಡುವೆ ಅವರಿಗೆ ಕೆಮ್ಮು ಬಂತು, ಬೇಗ ನಿಲ್ಲಲಿಲ್ಲ.

ಆ ಮಳೆಗಾಲದಲ್ಲಿ ಅವರ ದನಿ ಮಧ್ಯೆ ಮಧ್ಯೆ ಒಡೆಯತೊಡಗಿತು. ದೊಡ್ಡಾಸ್ಪತ್ರೆಯ ಡಾಕ್ಟರು ಗಂಟಲಿಗೆ ಕನ್ನಡಿ ಇಳಿಸಿ ನೋಡಿದರು. ಜೊತೆಗೆ ಹೋಗಿದ್ದವಳು ನಾನು. ದನಿಯ ತಂತುವಿನ ಮೇಲೆ ಸಾಸಿವೆಯಷ್ಟು ಗಂಟು. ಒಂದು ವರ್ಷ ಹಾಡಬೇಡಿ ಎಂದರು ಅವರು. ಹಾಡಲೇಬೇಕೆಂದರೆ ಮೇಲಿನ ಸ್ವರಗಳನ್ನಂತೂ ಮುಟ್ಟಬೇಡಿ, ಅಲ್ಲಿ ಒಂದು ಸಲ ರಕ್ತನಾಳ ಒಡೆದರೆ ನಿಮ್ಮ ದನಿ ಹಿಂದಕ್ಕೆ ಬರುತ್ತದೆಂದು ನಾನು ಮಾತು ಕೊಡಲಾರೆ ಎಂದರು. ಕನ್ನಡಿಯನ್ನು ಒರೆಸುತ್ತ, ನಮ್ಮ ಮುಖ ನೋಡದೆ ಹೇಳಿದರು.

ವರ್ಷ ಕಾಯುವ ಹಾಗಿರಲಿಲ್ಲ. ಪಿಟೀಲು, ಚೆಲ್ಲೋ ನುಡಿಸುವವರು ಅಣ್ಣತಮ್ಮಂದಿರು. ದಸರೆ ಕಳೆದ ಮೇಲೆ ಇಬ್ಬರೂ ಮದರಾಸಿನ ಸಿನಿಮಾ ಸ್ಟುಡಿಯೋಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಅರಮನೆಯ ನೆರಳಿನಲ್ಲಿ ಬದುಕಿದ ಆ ಬಗೆಯ ವಾದ್ಯಗಾರರು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದ ಕಾಲ ಅದು. ಅವರು ಹೋದರೆ ಮೇಷ್ಟರ ಹಾಡು ಕಾಗದದಲ್ಲೇ ಉಳಿಯುತ್ತಿತ್ತು. ಮಿಸ್ಸು ಡಾಕ್ಟರು ಹೇಳಿದ್ದನ್ನು ಮುಚ್ಚಿಡದೆ ಮೇಷ್ಟರಿಗೆ ತಿಳಿಸಿದರು. ಆ ವೃದ್ಧರು ಪೂರ್ತಿ ಒಂದು ವಾರ ಕೂತು ಆರೂ ಹಾಡನ್ನು ಅರ್ಧ ಸ್ವರ ಕೆಳಗಿಳಿಸಿ ಹೊಸದಾಗಿ ಬರೆದುಕೊಂಡು ಬಂದರು.

"ಇದಕ್ಕಿಂತ ಕೆಳಗೆ ಇಳಿಸಿದ್ರೆ ಹಾಡು ಮಲಗಿಬಿಡುತ್ತೆ ಮಿಸ್ಸು. ಇದಕ್ಕಿಂತ ಮೇಲೆ ನಾನು ನಿಮ್ಮನ್ನ ಹತ್ತಿಸೋದಿಲ್ಲ," ಎಂದರು.

ಮಿಸ್ಸು ಪಿಯಾನೋ ಮುಂದೆ ಕೂತು ಆ ಕೊನೆಯ ಸ್ವರವನ್ನು ಮೆಲ್ಲಗೆ ಮುಟ್ಟಿ ನೋಡಿದರು. ಕತ್ತಿಗೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಇಷ್ಟು ಸಾಕು. ಇಲ್ಲೀವರೆಗೆ ನೋವಿಲ್ಲ," ಎಂದರು. ಗೋಡೆಯ ಅಂಚಿನ ಮೇಲೆ ನಡೆಯುವವರು ಕೊನೆಯ ಕಲ್ಲನ್ನು ಕಾಲಿನಿಂದ ಒತ್ತಿ ನೋಡುವ ಹಾಗಿತ್ತು ಅದು.

ಅಭ್ಯಾಸವೆಲ್ಲ ಅವರ ಮನೆಯಲ್ಲೇ ನಡೆಯಿತು. ಅಣ್ಣತಮ್ಮಂದಿರು ಆ ಪಿಯಾನೋದ ಶ್ರುತಿಗೆ ತಂತಿ ಕೂಡಿಸಿಕೊಂಡು ನುಡಿಸುತ್ತಿದ್ದರು. ಕ್ಲಾರಿನೆಟ್ಟಿನ ಭಾಗವನ್ನು ಮೇಷ್ಟರು ಪಿಯಾನೋದಲ್ಲೇ ನುಡಿಸುತ್ತಿದ್ದರು. ಕ್ಲಾರಿನೆಟ್ಟಿನವರಿಗೆ ಪುರುಸೊತ್ತಿರಲಿಲ್ಲ. ಅವರು ಊರಾಚೆಯ ಕೆಸರೆಯವರು, ಬೇಸಾಯದ ಮನೆತನ. ಹುಡುಗನಾಗಿದ್ದಾಗಲೇ ಬ್ಯಾಂಡಿಗೆ ಸೇರಿ ಮೇಷ್ಟರ ಕೈಕೆಳಗೆ ಬೆಳೆದವರು. ದಸರೆಯ ತಾಲೀಮು, ಮೆರವಣಿಗೆ, ಬನ್ನಿಮಂಟಪದ ಪಂಜಿನ ಕವಾಯತು ಮುಗಿಯುವ ತನಕ ಅವರು ನಮಗೆ ಸಿಗುವ ಹಾಗಿರಲಿಲ್ಲ. "ಅವನಿಗೇನು, ಕಾಗದ ನೋಡಿ ನುಡಿಸ್ತಾನೆ. ನಾನೇ ತಿದ್ದಿದ ಕೈ," ಎಂದು ಮೇಷ್ಟರು ನಿಶ್ಚಿಂತೆಯಿಂದ ಇದ್ದರು.

ದಸರೆ ಮುಗಿದ ಮೇಲಿನ ಭಾನುವಾರ ಸಂಜೆ, ನಜರ್‌ಬಾದಿನ ಒಂದು ಹಳೆಯ ಬಂಗಲೆಯ ಹಾಲಿನಲ್ಲಿ ಜನ ಸೇರಿದರು. ಮಿಸ್ಸು ಬಿಳಿ ಸೀರೆ ಉಟ್ಟಿದ್ದರು. ಬಿಳಿಯೋ, ತಿಳಿನೀಲಿಯೋ... ಅಮ್ಮನನ್ನು ಕೇಳೋಣವೆಂದರೆ ಅಮ್ಮ ಇಲ್ಲ. ಹಿಂದಿನ ಸಣ್ಣ ಕೋಣೆಯಲ್ಲಿ ನಾವೆಲ್ಲ ಇದ್ದೆವು. ಕೆಸರೆಯವರು ತುಟಿ ಊದಿಸಿಕೊಂಡೇ ಬಂದರು. "ಊದಿ ಊದಿ ಮೂತಿ ಬನ್ನಾಗ್ಬುಟ್ಟದೆ ಮೇಷ್ಟ್ರೇ, ಕಾಫಿ ಕುಡಿಯೋಕೂ ಆಯ್ತಿಲ್ಲ," ಎಂದು ನಗಿಸುತ್ತ ಪೆಟ್ಟಿಗೆ ತೆರೆದು ಕಪ್ಪುಮರದ ಆ ವಾದ್ಯವನ್ನು ಜೋಡಿಸಿದರು. ಬ್ಯಾಂಡಿನಲ್ಲಿ ಒಂದು ಪದ್ಧತಿ ಇತ್ತು. ಕ್ಲಾರಿನೆಟ್ಟು ಒಂದು ಸ್ವರ ಊದಬೇಕು, ಉಳಿದವರೆಲ್ಲ ಏನೂ ಕೇಳದೆ ಅದಕ್ಕೆ ಸೇರಿಕೊಳ್ಳಬೇಕು. ಅವರು ಆ ಸ್ವರ ಊದಿದರು.

ಅಣ್ಣತಮ್ಮಂದಿರು ಬಿರಡೆ ತಿರುಗಿಸಿದರು. ಇನ್ನೂ ತಿರುಗಿಸಿದರು. ಪಿಟೀಲಿನ ಸಣ್ಣ ತಂತಿ ಪಟ್ಟೆಂದು ಹರಿದು ತಮ್ಮನ ಕೆನ್ನೆಗೆ ಬಡಿಯಿತು. ಸಂಗೀತ ಅರಿಯದ ನನಗೆ ಆ ಕ್ಷಣ ಏನೂ ಹೊಳೆಯಲಿಲ್ಲ. ಮಿಸ್ಸಿನ ಕೈ ತಾನಾಗಿ ಕತ್ತಿಗೆ ಹೋದದ್ದನ್ನು ಮಾತ್ರ ನೋಡಿದೆ.

ಅರಮನೆಯ ಆ ಹಳೆಯ ವಾದ್ಯಗಳು ಹಿಂದಿನ ಕಾಲದ ಎತ್ತರದ ಶ್ರುತಿಗೆ ಮಾಡಿದವು. ಹೊರಗಿನ ಲೋಕ ಶ್ರುತಿ ಇಳಿಸಿಕೊಂಡು ಎಷ್ಟೋ ವರ್ಷವಾಗಿದ್ದರೂ ಇವು ಇದ್ದಲ್ಲೇ ಇದ್ದವು. ಮಿಸ್ಸಿನ ಪಿಯಾನೋಗೂ ಈ ಕ್ಲಾರಿನೆಟ್ಟಿಗೂ ಹೆಚ್ಚುಕಡಿಮೆ ಅರ್ಧ ಸ್ವರದ ಅಂತರ. ಮೇಷ್ಟರು ಅವರಿಗಾಗಿ ಇಳಿಸಿದ್ದ ಅದೇ ಅರ್ಧ ಸ್ವರ ಹಿಂದಿನ ಬಾಗಿಲಿನಿಂದ ಮತ್ತೆ ಮೇಲೇರಿ ಬಂದು ನಿಂತಿತ್ತು. ಇದನ್ನೆಲ್ಲ ನನಗೆ ಆಮೇಲೆ ಬಿಡಿಸಿ ಹೇಳಿದವರು ಮಿಸ್ಸು.

"ಸ್ವಲ್ಪ ಇಳಿಸೋಕಾಗುತ್ತಾ?" ಎಂದು ಮಿಸ್ಸು ತೀರಾ ಮೆಲ್ಲಗೆ ಕೆಸರೆಯವರನ್ನು ಕೇಳಿದರು.

"ಇದು ಮರ ಕಣ್ರೀ ಮಿಸ್ಸು, ತಂತಿಯಲ್ಲ. ಎಂಗೆ ಇಳಿಸ್ಲಿ? ಕೀಲು ಒಸಿ ಎಳೀಬೋದು. ಜಾಸ್ತಿ ಎಳೆದ್ರೆ ಒಂದು ಸ್ವರ ಅತ್ಲಾಗೆ, ಒಂದು ಇತ್ಲಾಗೆ ಓಯ್ತದೆ."

ಮೇಷ್ಟರಿಗೆ ಇದು ಕೇಳಿಸಲಿಲ್ಲ. ಅವರು ಕಣ್ಣು ಮುಚ್ಚಿ ಆ ಸ್ವರವನ್ನೇ ಸವಿಯುತ್ತಿದ್ದರು. ಮೂವತ್ತು ವರ್ಷ ಅದೇ ಎತ್ತರದಲ್ಲಿ ಬದುಕಿದ ಕಿವಿಗೆ ಅದೇ ಸರಿ, ಉಳಿದದ್ದೆಲ್ಲ ಸಡಿಲ. "ಆಹಾ, ಈಗ ನೋಡಿ ಸರಿಯಾದ ಶ್ರುತಿ! ಪಾಪ, ನಿಮ್ಮ ಪಿಯಾನೋಗೆ ವಯಸ್ಸಾಗಿ ಇಳಿದುಬಿಟ್ಟಿದೆ ಮಿಸ್ಸು. ನಾನು ಹೇಳ್ತಾನೇ ಇರಲಿಲ್ಲ, ನೊಂದ್ಕೋತೀರಿ ಅಂತ," ಎಂದು ನಕ್ಕರು. ಹೊಸ ಕೋಟು ಹಾಕಿದ್ದರು. ಅದರ ಗುಂಡಿಗಳನ್ನು ಮತ್ತೆ ಮತ್ತೆ ಸವರಿಕೊಳ್ಳುತ್ತಿದ್ದರು.

ಮಿಸ್ಸು ಅವರ ಕೈಯನ್ನೇ ನೋಡುತ್ತಿದ್ದರು. ನಾನು ಹತ್ತಿರ ಹೋಗಿ, "ಏನಾಯ್ತು ಮಿಸ್? ಮೇಷ್ಟ್ರಿಗೆ ಹೇಳ್ಲಾ?" ಎಂದೆ.

"ಸುಮ್ನಿರು." ಸೆರಗಿನ ತುದಿ ಬಿಚ್ಚಿ ಅತಿಮಧುರದ ಕಡ್ಡಿ ಬಾಯಿಗಿಟ್ಟುಕೊಂಡರು. "ಅವರಿಗೆ ಹೇಳಬೇಡ. ಇವತ್ತೂ ಬೇಡ, ಯಾವತ್ತೂ ಬೇಡ. ನನ್ನಾಣೆ."

ಐದು ಹಾಡುಗಳು ಹೇಗೆ ಮುಗಿದವೋ ತಿಳಿಯದು. ಒಂದೊಂದು ಹಾಡು ಮುಗಿದಾಗಲೂ ಮಿಸ್ಸು ನೀರು ಗುಟುಕರಿಸಿದರು. ಪ್ರತಿ ಹಾಡಿನ ಎತ್ತರದ ಕಡೆ ಬಂದಾಗ ನನ್ನ ಉಗುರು ಅಂಗೈಗೆ ಒತ್ತುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಮ್ಮ, "ನಿನ್ನ ಪದ್ಯ ಚೆನ್ನಾಗೇ ಇದೆಯಲ್ಲೇ, ಯಾಕಿಷ್ಟು ಹೆದರ್ತೀಯ?" ಎಂದಳು. ಕೊನೆಯ ಹಾಡಿಗೆ ಕ್ಲಾರಿನೆಟ್ಟು ಮತ್ತು ದನಿ, ಎರಡೇ. ಕೆಸರೆಯವರು ಊದಲು ಶುರುಮಾಡಿದರು. ಹಾಲಿನ ಕಿಟಕಿಗಳಾಚೆ ಕತ್ತಲಾಗುತ್ತಿತ್ತು, ಆದರೂ ಯಾರೂ ಎದ್ದು ದೀಪ ಹಾಕಿರಲಿಲ್ಲ. ಕದ ತೆರೆದೇ ಇದೆ. ದೀಪ ಇನ್ನೂ ಇದೆ.

'ಬಾ' ಬಂತು.

ದನಿ ಒಡೆಯಲಿಲ್ಲ. ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅಷ್ಟು ಶುದ್ಧವಾದ, ಅಷ್ಟು ತೆಳ್ಳನೆಯ ಶಬ್ದವನ್ನು ನಾನು ಮತ್ತೆ ಕೇಳಿಲ್ಲ. ಅದು ನಿಂತೇ ಇತ್ತು. ಯಾರೋ ಬರುವ ತನಕ ಕರೆಯುತ್ತಲೇ ಇರುವ ಹಾಗೆ. ಚಪ್ಪಾಳೆ ಬಿದ್ದಾಗ ಮಿಸ್ಸು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು ತಲೆಬಾಗಿಸಿದರು. ಭಾವುಕರಾಗಿದ್ದಾರೆ ಎಂದುಕೊಂಡರು ಜನ. ಮೇಷ್ಟರು ಅಳುತ್ತಿದ್ದರು. ಕರ್ಚೀಫನ್ನು ಮಡಿಸಿ ಕೈಚೀಲಕ್ಕೆ ಹಾಕುವಾಗ ಅದರ ಒಳಮಗ್ಗುಲು ನನಗೆ ಕಂಡಿತು...

ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: ಹಾಡು ಚೆನ್ನಾಯಿತು, ಮಿಸ್ಸಿಗೆ ಆಯಾಸ. ಕಂಡದ್ದನ್ನು ಬರೆಯದಿದ್ದರೆ ಅದು ಆಗದೇ ಇರುತ್ತದೆಂದು ನಂಬಿದ್ದೆನೋ ಏನೋ.

ಮರುದಿನ ಬೆಳಿಗ್ಗೆ ಕಾಗೆ ಕೂಗಿತು. ಹಾಲಿನವನು ಬಂದು ಹೋದ. ಅಮ್ಮ ಖಾಲಿ ಪಾತ್ರೆ ಹಿಡಿದು ಹಿತ್ತಿಲ ಗೋಡೆಯ ಬಳಿ ನಿಂತೇ ಇದ್ದಳು. "ಇವತ್ತು ಮಿಸ್ಸು ಯಾಕೋ ಎದ್ದಿಲ್ಲ ಕಣೇ," ಎಂದಳು. ಅಂದು ನಮ್ಮ ಮನೆಯಲ್ಲಿ ಕಾಫಿ ತಡವಾಯಿತು. ಆಮೇಲೆ ಗಡಿಯಾರ ನೋಡುವುದು ರೂಢಿಯಾಯಿತು.

ಅವರ ದನಿ ಮರಳಲಿಲ್ಲ. ಉಳಿದದ್ದು ಒಣ ಎಲೆ ಉಜ್ಜಿದಂಥ ಒಂದು ಸದ್ದು. ಅದರಲ್ಲೇ ನನಗೆ ಶ್ರುತಿಯ ವಿಷಯ ಬಿಡಿಸಿ ಹೇಳಿದ್ದು, ಆಣೆಯನ್ನು ನೆನಪಿಸಿದ್ದು. ಶಾಲೆಯಲ್ಲಿ ಅವರಿಗೆ ಹೊಲಿಗೆಯ ತರಗತಿ ಕೊಟ್ಟರು. ಚರ್ಚಿನಲ್ಲಿ ಮೇಳ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರಂತೆ. ಕೆಲವು ವರ್ಷಗಳ ಮೇಲೆ ಅಕ್ಕನ ಮನೆಗೆಂದು ಊರು ಬಿಟ್ಟರು. ಅಲ್ಲೇ ತೀರಿಕೊಂಡರೆಂದು ಯಾರೋ ಹೇಳಿದರು. ಅಮ್ಮ ಮಾತ್ರ ಅವರು ಹೊರಡುವ ದಿನದವರೆಗೂ ಗೋಡೆಯ ಮೇಲಿಂದ ಕಡ್ಡಿ ಕೊಡುವುದನ್ನು ನಿಲ್ಲಿಸಲಿಲ್ಲ.

ಮೇಷ್ಟರು ಇನ್ನೂ ಕೆಲಕಾಲ ಇದ್ದರು. ಮಿಸ್ಸಿಗೆ ಚಳಿಗಾಲದ ಜ್ವರ ಬಂದು ಗಂಟಲು ಹೋಯಿತೆಂದು ಅವರು ತಿಳಿದಿದ್ದರು. ಹಾಗೆಂದು ಮಿಸ್ಸೇ ಹೇಳಿದ್ದರು. ಒಮ್ಮೆ ಮನೆಗೆ ಬಂದವರು ಕೊಡೆಯನ್ನು ಮೂಲೆಗೆ ಒರಗಿಸಿ ಕೂತು, "ಒಂದು ಕೇಳ್ತೀನಿ ಕಣಮ್ಮ. ಅವತ್ತು ಆ ಕೊನೆ ಸ್ವರ... ಪಿಯಾನೋ ಮುಂದೆ ಹಾಡ್ತಿದ್ದಾಗಲೂ ಅಷ್ಟೇ ಎತ್ತರ ಇತ್ತಾ? ಈಚೆಗೆ ರಾತ್ರಿ ನಿದ್ದೆ ಬರಲ್ಲ. ಎರಡೂ ಒಂದೇ ಅಲ್ಲ ಅನ್ನಿಸುತ್ತೆ," ಎಂದರು.

"ಅಷ್ಟೇ ಇತ್ತು ಮೇಷ್ಟ್ರೇ," ಎಂದೆ.

ಅವರು ನನ್ನ ಮುಖವನ್ನು ನೋಡಿದರು. "ನಿನಗೆ ಸಂಗೀತ ಗೊತ್ತಾಗಲ್ಲ ಅಲ್ವಾ," ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿ, ಕೊಡೆ ತೆಗೆದುಕೊಂಡು ಎದ್ದರು. ಕಾಫಿ ಕುಡಿಯಲಿಲ್ಲ. ನಂಬಿದರೋ ಇಲ್ಲವೋ ಇಂದಿಗೂ ತಿಳಿಯದು. ಅವರು ಬರೆದ ಹಾಳೆಗಳೂ ಏನಾದವೋ ತಿಳಿಯದು.

ಹಿಂದಿನ ಮನೆ ಇದ್ದ ಜಾಗದಲ್ಲಿ ಈಗ ಮೂರಂತಸ್ತು ಎದ್ದಿದೆ. ಮೊನ್ನೆ ಆ ಕಡ್ಡಿಯ ತುದಿಯನ್ನು ಕಚ್ಚಿದೆ. ಮೊದಲು ಬರೀ ನಾರು, ಸಿಹಿ ಬಹಳ ತಡವಾಗಿ ಗಂಟಲಿಗಿಳಿಯಿತು. ನನ್ನ ಆ ಮೂರು ಸಾಲು ಈಗಲೂ ಬಾಯಿಗೆ ಬರುತ್ತವೆ. ಆ ಸ್ವರ ಬರುವುದಿಲ್ಲ. ಅದನ್ನು ಹೇಗೆ ಹಾಡಿದ್ದರೆಂದು ಬಲ್ಲವರು ಇನ್ನು ಯಾರೂ ಉಳಿದಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಮೆಲ್ಲಗೆ, 'ದೀಪ ಇನ್ನೂ ಇದೆ' ಎನ್ನುವವರೆಗೆ ಹೇಳಿಕೊಂಡೆ. ಅದರಾಚೆಗಿನ ಆ ಒಂದು ಅಕ್ಷರ ನಾಲಗೆಯ ತುದಿಗೆ ಬಂತು. ಹೇಳಲಿಲ್ಲ.