ಅಮ್ಮನ ಹಾಡಿನೊಳಗೆ ಬಿದ್ದ ಹಿಮ

ಓದುವ ಎಲ್ಲರಿಗೂ ನಮಸ್ಕಾರ. ನಾನು ತಡವಾಗಿ ಅಕ್ಷರ ಕಲಿತವನು, ತಪ್ಪಿದ್ದರೆ ಮನ್ನಿಸಿ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಅವು ಓಡುವಾಗ ಯಾವ ಹಾಡೂ ಕೇಳಿಸುವುದಿಲ್ಲ. ಕರೆಂಟ್ ಹೋದಾಗ ನಮ್ಮಮ್ಮ ಕೈರಾಟೆಯಲ್ಲಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಾ ಒಂದು ಸಿನಿಮಾ ಹಾಡು ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೂ ಆ ಹಾಡು ಕೇಳಿದರೆ ನೂಲು ಹಿಡಿದ ಅವರ ಬೆರಳುಗಳು ಕಾಣುತ್ತಿದ್ದವು.

ಹೋದ ವರ್ಷ ನನ್ನ ಹೆಂಡತಿ ಫೋನಿನಲ್ಲಿ ಅದರ ವಿಡಿಯೊ ತೋರಿಸಿದಳು. ಹಿಮದ ಬೆಟ್ಟದಲ್ಲಿ ಕೋಟು ತೊಟ್ಟ ನಾಯಕ, ತೆಳು ಸೀರೆಯ ನಾಯಕಿ.

"ಅಯ್ಯೋ, ಆ ಸೀರೇಲಿ ಚಳಿ ಆಗಲ್ವಾ ಅವ್ಳಿಗೆ?" ಎಂದು ಹೆಂಡತಿ ನಕ್ಕಳು. ನಾನೂ ನಕ್ಕೆ. ಆದರೆ ಮರುದಿನದಿಂದ ಹಾಡು ಕೇಳಿದರೆ ಹಿಮವೇ ಕಾಣತೊಡಗಿತು. ಅಮ್ಮ ಕಾಣಲಿಲ್ಲ.

ಹೀಗೆ ಬಿಡಬಾರದು ಎಂದು ತೀರ್ಮಾನಿಸಿದೆ. ಈಗ ಕರೆಂಟ್ ಹೋದಾಗಲೆಲ್ಲ ಹಾಡು ಹಾಕಿ, ಫೋನನ್ನು ಮಗುಚಿಟ್ಟು, ಅದೇ ರಾಟೆಯಲ್ಲಿ ನಾನೇ ನೂಲು ಸುತ್ತುತ್ತೇನೆ.

"ಅಷ್ಟು ದೊಡ್ಡ ಫೋನ್ ತಗೊಂಡು ರೇಡಿಯೋ ಮಾಡ್ಕೊಂಡ್ರಲ್ಲಾ!" ಎಂದು ಹೆಂಡತಿ ರೇಗಿಸುತ್ತಾಳೆ.

"ಮಾಡ್ಕೊಂಡೆ ಕಣೇ, ನೀನೂ ಸುಮ್ನೆ ಕೂತ್ಕೊಂಡು ಕೇಳು."

ಎರಡನೇ ಚರಣಕ್ಕೆ ಅಮ್ಮನ ಬೆರಳುಗಳು ಮತ್ತೆ ಕಾಣುತ್ತಿವೆ. ಪಲ್ಲವಿಯಲ್ಲಿ ಮಾತ್ರ ಇನ್ನೂ ಹಿಮವಿದೆ. ಅದು ಹೋಗುವವರೆಗೆ ನಾನು ಬಿಡುವುದಿಲ್ಲ.

ನಿಮ್ಮ ಹಾಡಿಗೂ ಹೀಗಾಗಿದ್ದರೆ, ನೀವೇನು ಮಾಡಿದಿರಿ ಎಂದು ದಯವಿಟ್ಟು ಬರೆದು ತಿಳಿಸಿ.