ಮಲ್ಲಿಗೆಯ ಸಾಲಿಗೆ ಬಿಟ್ಟ ನೀರು

ಕಡಲ ಹತ್ತಿರದ ಮನೆಗೆ ಗಿಡ ಆರಿಸಿಕೊಡಲು ಯಾರಾದರೂ ಕರೆದರೆ ನಾನು ಕೂಡಲೇ ಒಳಗೆ ಹೋಗುವುದಿಲ್ಲ. ಮೊದಲು ಅಕ್ಕಪಕ್ಕದ ಕಾಂಪೌಂಡುಗಳ ಮುಂದೆ ನಡೆದು ಅಲ್ಲಿನ ಗಿಡಗಳ ಎಲೆಯ ಅಂಚು ನೋಡುತ್ತೇನೆ. ಅಂಚು ಸುಟ್ಟು ಕಂದಾಗಿದ್ದರೆ ಉಪ್ಪುಗಾಳಿ ಅಲ್ಲಿಯವರೆಗೆ ಬರುತ್ತದೆ ಎಂದು ಅರ್ಥ. ಒಂದೇ ಬದಿಯ ಎಲೆ ಸುಟ್ಟಿದ್ದರೆ ಗಾಳಿಯ ದಿಕ್ಕೂ ಗೊತ್ತಾಗುತ್ತದೆ. ಇದನ್ನು ನನಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಉಡುಪಿ ಕಡೆಯ ನಮ್ಮ ಮನೆಯ ಸುತ್ತ ಮಲ್ಲಿಗೆ ಗಿಡಗಳಿದ್ದವು. ಬೆಳಿಗ್ಗೆ ಮೊಗ್ಗು ಕೊಯ್ದು, ಅಮ್ಮ ಕಟ್ಟಿ ಬಾಳೆಪಟ್ಟೆಯಲ್ಲಿ ಸುತ್ತಿಕೊಟ್ಟ ಹೂವನ್ನು ವ್ಯಾಪಾರಿಗಳು ಕೊಳ್ಳುವ ಕಟ್ಟೆಗೆ ಮುಟ್ಟಿಸಿ ಬರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಾಗಿರುತ್ತಿತ್ತು. ಒಂದು ವರ್ಷ ಮಾಸ್ತರರು ಬೈದರು. ಮರುವರ್ಷ ನಾನೇ ಹೋಗಲಿಲ್ಲ.

ಅದಕ್ಕೆ ನನಗೆ ನಾಚಿಕೆಯೇನಿಲ್ಲ. ದುಬೈಗೆ ಬಂದು ನರ್ಸರಿಯೊಂದರಲ್ಲಿ ಕುಂಡ ಹೊತ್ತೆ, ಬಿಸಿಲಲ್ಲಿ ಗುಂಡಿ ತೋಡಿದೆ, ಲಾರಿಗೆ ಖರ್ಜೂರದ ಮರ ಏರಿಸಿದೆ. ಈಗ ರಾಸ್ ಅಲ್ ಖೋರಿನಲ್ಲಿ ನನ್ನದೇ ಒಂದು ಶೆಡ್ಡು, ಒಂದು ಪಿಕಪ್ಪು, ಆರು ಜನ ಕೆಲಸದವರು ಇದ್ದಾರೆ. ದೊಡ್ಡ ಓದು ಓದಿದವರು ನಕ್ಷೆ ಹಿಡಿದುಕೊಂಡು ಬಂದು, ಇದು ಇಲ್ಲಿ ಬದುಕುತ್ತದಾ ಎಂದು ನನ್ನನ್ನು ಕೇಳುತ್ತಾರೆ. ಬದುಕುವುದಿಲ್ಲ ಎಂದು ನಾನು ಹೇಳಿದ ಗಿಡ ಬದುಕಿದ್ದು ಕಡಿಮೆ. ಗಿಡದ ವಿಷಯದಲ್ಲಿ ಈ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂಬ ಹೆಸರು ನಮ್ಮ ಕನ್ನಡದವರ ನಡುವೆ ನನಗಿತ್ತು. ಒಂದು ಮನೆಯವರು ಇನ್ನೊಂದು ಮನೆಯವರಿಗೆ ಹೇಳಿ ಕೆಲಸ ಬರುತ್ತಿತ್ತು. ಬೋರ್ಡು ಹಾಕುವ ಅಗತ್ಯ ನನಗೆ ಬಿದ್ದಿರಲಿಲ್ಲ.

ಅಬುಧಾಬಿಯ ಕಡಲ ಬದಿಯ ಆ ಮನೆಯೂ ಹಾಗೆಯೇ ಬಂದದ್ದು. ಮನೆಯವರು ಮೈಸೂರಿನವರು. ಮೊದಲು ಶಾರ್ಜಾದ ಅಲ್ ನಹ್ದಾದಲ್ಲಿ ನಾವಿರುವ ಕಟ್ಟಡದಲ್ಲೇ ಮೂರು ಮಾಳಿಗೆ ಮೇಲೆ ಇದ್ದರು. ಯಜಮಾನರಿಗೆ ಕಂಪ್ಯೂಟರಿನ ಕೆಲಸ, ಅಬುಧಾಬಿಗೆ ವರ್ಗವಾಯಿತು. ಫ್ಲಾಟಿನ ಬಾಲ್ಕನಿಯಲ್ಲಿ ಒಂದು ತುಳಸಿ ಇಟ್ಟುಕೊಂಡು ಹದಿನೈದು ವರ್ಷ ಕಳೆದ ಅವರ ಹೆಂಡತಿಗೆ, ನಾನು ಅಮ್ಮ ಎಂದು ಕರೆಯುವವರಿಗೆ, ಮೊದಲ ಸಲ ಅಂಗಳದ ಮನೆ ಸಿಕ್ಕಿತ್ತು. ಕಡಲಿಗೂ ಅವರ ಗೋಡೆಗೂ ನಡುವೆ ಒಂದು ರಸ್ತೆ, ಒಂದು ಪಟ್ಟಿ ಮರಳು, ಅಷ್ಟೇ.

ನಾನು ಹೋದ ದಿನ ಅವರು ನೋಟ್‌ಬುಕ್ಕಿನ ಹಾಳೆಯೊಂದನ್ನು ಮುಂದಿಟ್ಟರು. ಮಲ್ಲಿಗೆ, ಕನಕಾಂಬರ, ದಾಸವಾಳ, ಸಂಪಿಗೆ, ನಂದಿಬಟ್ಟಲು, ಪಾರಿಜಾತ. ಅಂದಕ್ಕೆ ಏನು ಬೇಕಾದರೂ ಹಾಕಿ, ಆದರೆ ಇವಿಷ್ಟು ಬೇಕೇ ಬೇಕು, ದೇವರ ಮನೆಗೆ ಅಂಗಡಿಯ ಹೂವು ಸಾಕಾಗಿದೆ ಎಂದರು. ಫ್ರಿಜ್ಜಿನಲ್ಲಿಟ್ಟು ಮಾರುವ ಹೂವನ್ನು ಎಷ್ಟು ಕೈ ಮುಟ್ಟಿರುತ್ತದೋ, ಯಾರು ಮೂಸಿರುತ್ತಾರೋ ಎಂಬುದು ಅವರ ಕೊರಗು.

ನಾನು ಪೆನ್ನು ತೆಗೆದುಕೊಂಡು ಸಂಪಿಗೆಯನ್ನು ಹೊಡೆದು ಹಾಕಿದೆ. ಕನಕಾಂಬರವನ್ನೂ ಹೊಡೆದೆ.

"ಏನ್ರೀ ಇದು, ಪರೀಕ್ಷೆ ಪೇಪರ್ ತಿದ್ದೋ ಹಾಗೆ ತಿದ್ತಾ ಇದ್ದೀರಲ್ಲ" ಎಂದರು ಅಮ್ಮ.

"ಸಂಪಿಗೆ ತಂದು ನೆಟ್ಟು ಕೊಡ್ತೇನೆ ಅಮ್ಮ, ನನಗೆಂತ ಕಷ್ಟ? ಆದ್ರೆ ಅದು ಗಿಡ ಸಾಕಿದ ಹಾಗೆ ಆಗುದಿಲ್ಲ, ಐಸಿಯುನಲ್ಲಿ ರೋಗಿ ನೋಡಿಕೊಂಡ ಹಾಗೆ ಆಗ್ತದೆ" ಎಂದೆ.

ಅವರು ನಕ್ಕರು. ಆಮೇಲೆ ನಾನು ಹೇಳಿದ ಗಿಡಗಳನ್ನು ಅದೇ ಹಾಳೆಯ ಹಿಂದೆ ಬರೆದುಕೊಂಡರು. ಕಡಲ ಗಾಳಿಗೆ ಎದೆ ಕೊಡಲು ಹೊರಗಿನ ಸಾಲಿನಲ್ಲಿ ಈ ನೆಲದವೇ ಬೇಕು ಎಂದು ವಿವರಿಸಿದೆ. ಮೂರು ಘಾಫ್, ಎರಡು ಸಿದ್ರ್. ಸಿದ್ರ್ ಎಂದರೆ ನಮ್ಮ ಬೋರೆಯ ಜಾತಿ, ಹಣ್ಣು ಕೂಡ ತಿನ್ನಬಹುದು. ಗೋಡೆಯ ಬುಡದ ಮರಳಿಗೆ ಅಡುಂಬು ಬಳ್ಳಿ. ಮಲ್ಪೆಯ ಮರಳಿನಲ್ಲಿ ಯಾರೂ ನೀರು ಹಾಕದೆ ಹಬ್ಬುವ ಬಳ್ಳಿ ಅದು, ಇಲ್ಲಿಯೂ ಹಬ್ಬುತ್ತದೆ. ಅವುಗಳ ಮರೆಯಲ್ಲಿ ಎರಡನೆಯ ಸಾಲು: ಕಣಗಿಲೆ, ದೇವಕಣಗಿಲೆ, ಕಾಗದದ ಹೂವು. ಇವು ಹೊರಗಿನಿಂದ ಬಂದವಾದರೂ ಉಪ್ಪಿಗೆ ಹೆದರುವುದಿಲ್ಲ. ಮನೆಯ ಗೋಡೆಗೆ ಹತ್ತಿದ ಮೂರನೆಯ ಸಾಲಿನಲ್ಲಿ ಮಾತ್ರ ಅಮ್ಮನ ಮಲ್ಲಿಗೆ, ದಾಸವಾಳ, ನಂದಿಬಟ್ಟಲು, ಪಾರಿಜಾತ. ಹೊರಗಿನವು ಒಳಗಿನವನ್ನು ಕಾಯಬೇಕು. ಕಡಲ ಬದಿಯ ತೋಟದಲ್ಲಿ ಗಿಡ ಆರಿಸುವುದು ಎಂದರೆ ಇಷ್ಟೇ, ಯಾರ ಹಿಂದೆ ಯಾರು ನಿಲ್ಲಬೇಕು ಎಂದು ತೀರ್ಮಾನಿಸುವುದು.

ಘಾಫ್ ಅವರಿಗೆ ಹಿಡಿಸಲಿಲ್ಲ. ರಸ್ತೆ ಬದಿಯ ಮುಳ್ಳುಮರ, ಕಾಡಿನ ಹಾಗೆ ಕಾಣುತ್ತದೆ ಎಂದರು. ಅದು ಬನ್ನಿ ಎಂದು ನಾನು ಹೇಳಿದೆ. ಯಾವ ಬನ್ನಿ ಎಂದು ಕೇಳಿದರು. ವಿಜಯದಶಮಿಯ ದಿನ ನಿಮ್ಮೂರಿನಲ್ಲಿ ಪೂಜೆ ಮಾಡುತ್ತಾರಲ್ಲ, ಅದೇ ಬನ್ನಿ, ಅರಬ್ಬರು ಘಾಫ್ ಅನ್ನುತ್ತಾರೆ ಎಂದೆ. ಅವರು ನಂಬದೆ ಮೊಬೈಲಿನಲ್ಲಿ ಹುಡುಕಿದರು. ಎಲೆಯ ಚಿತ್ರ ದೊಡ್ಡದು ಮಾಡಿ ನೋಡಿದರು. ಹದಿನೈದು ವರ್ಷ ಶಾರ್ಜಾದ ರಸ್ತೆಯಲ್ಲಿ ಇದರ ಕೆಳಗೇ ಬಸ್ಸಿಗೆ ಕಾದಿದ್ದೇನೆ, ದಸರೆಗೆ ಮಾತ್ರ ಊರಿನಿಂದ ಬರುವವರ ಕೈಯಲ್ಲಿ ಬನ್ನಿ ಎಲೆ ತರಿಸುತ್ತಿದ್ದೆ ಎಂದು ಹಣೆ ಚಚ್ಚಿಕೊಂಡರು. ಓದಿದವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದ್ದಾಗ ಒಂದು ಖುಷಿ ಇರುತ್ತದೆ, ಅದನ್ನು ಸುಳ್ಳು ಎನ್ನಲಾರೆ.

ಈಗ ನೀರಿನ ವಿಷಯ. ಆ ಬಡಾವಣೆಯಲ್ಲಿ ಪ್ರತಿ ಮನೆಗೂ ಎರಡು ಪೈಪು. ಒಂದರಲ್ಲಿ ಕುಡಿಯುವ ಸಿಹಿನೀರು. ಇನ್ನೊಂದು ನೇರಳೆ ಬಣ್ಣದ ಪೈಪು, ಅದರಲ್ಲಿ ಊರಿನ ಚರಂಡಿಯ ನೀರನ್ನು ಶುದ್ಧ ಮಾಡಿ ತೋಟಕ್ಕೆ ಕೊಡುತ್ತಾರೆ. ರಸ್ತೆ ಬದಿಯ ಹುಲ್ಲು, ಮರ, ಪೆಟುನಿಯಾ ಎಲ್ಲ ಬದುಕುವುದು ಆ ನೀರಿನಲ್ಲೇ. ವಾಸನೆಯಿಲ್ಲ, ಬಣ್ಣವಿಲ್ಲ, ಗಿಡಕ್ಕೆ ಸತ್ವವೂ ಹೆಚ್ಚು. ನಾನು ಅದನ್ನು ಎಂದೂ ಕೀಳಾಗಿ ನೋಡಿದವನಲ್ಲ. ಆದರೂ ದೇವರ ಹೂವಿನ ಸಾಲಿಗೆ ಸಿಹಿನೀರಿನ ಪೈಪು ಎಳೆಯಬೇಕೆಂದು ಮೊದಲೇ ಮನಸ್ಸಿನಲ್ಲಿ ಹಾಕಿಕೊಂಡಿದ್ದೆ. ಅಮ್ಮನಿಗೆ ಅದನ್ನು ಹೇಳಿರಲಿಲ್ಲ. ಎರಡು ನೀರು ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಪೈಪಿನ ಕೆಲಸಕ್ಕೆ ನನ್ನ ಜೊತೆ ಪೇಶಾವರದ ಪಠಾಣನೊಬ್ಬ ಇದ್ದಾನೆ, ಹಳೆಯ ಜೊತೆಗಾರ. ಗುಂಡಿ ತೋಡುವ ದಿನ ನೋಡಿದರೆ ಸಿಹಿನೀರಿನ ನಲ್ಲಿಗೂ ಮಲ್ಲಿಗೆಯ ಸಾಲಿಗೂ ನಡುವೆ ಹಿಂದಿನ ದಿನವಷ್ಟೇ ಬೇರೆಯವರು ಬಂದು ಕಲ್ಲು ಹಾಸಿ ಹೋಗಿದ್ದರು. ಅಚ್ಚುಕಟ್ಟಾದ ಕೆಲಸ. ಪೈಪು ದಾಟಿಸಬೇಕಾದರೆ ಅದನ್ನು ಕೀಳಬೇಕು. ನೇರಳೆ ಪೈಪು ಎರಡು ಹೆಜ್ಜೆ ದೂರದಲ್ಲಿತ್ತು. ಪಠಾಣ ನನ್ನ ಮುಖ ನೋಡಿದ. "ಉಸ್ತಾದ್, ಇಸೀ ಸೇ ಜೋಡ್ ದೂಂ?"

ಇದಕ್ಕೇ ಜೋಡಿಸಲೇ ಎಂದು ಅವನು ಕೇಳಿದ್ದು. ಮರುದಿನ ನನಗೆ ರುವೈಸ್‌ನಲ್ಲಿ ಬೇರೆ ಕೆಲಸವಿತ್ತು. ಜೋಡಿಸು ಎಂದೆ. ಅವನು ಜೋಡಿಸಿ, ಮಣ್ಣು ಮುಚ್ಚಿ, ಖಲಾಸ್ ಎಂದು ಕೈ ಕೊಡವಿದ.

ಮಾರ್ಚಿನಲ್ಲಿ ಮಲ್ಲಿಗೆ ಮೊಗ್ಗಾಯಿತು. ಎಲೆ ಕಪ್ಪು ಹಸಿರು, ಮೊಗ್ಗು ಗಟ್ಟಿ. ನಮ್ಮೂರಿನಲ್ಲೂ ಅಂಥ ಮೊಗ್ಗು ಅಪರೂಪ. ಅಮ್ಮ ದಿನಾ ದೇವರ ಮನೆಯ ಫೋಟೋ ಕಳಿಸುತ್ತಿದ್ದರು. ದೇವಿಯ ಪಟದ ಸುತ್ತ ಎರಡು ಸುತ್ತು ಮಲ್ಲಿಗೆ. ನಾನು ಕೈ ಮುಗಿದ ಚಿಹ್ನೆ ವಾಪಸ್ಸು ಕಳಿಸುತ್ತಿದ್ದೆ. ಹದಿನೈದಿಪ್ಪತ್ತು ದಿನ ಹಾಗೆ ಕಳಿಸಿದೆ. ಅವರ ಪರಿಚಯದ ಇಬ್ಬರು ನನಗೆ ಫೋನು ಮಾಡಿ, ನಮಗೂ ಅಂಥದೇ ಮಲ್ಲಿಗೆ ಬೇಕು ಎಂದರು. ಬರುತ್ತೇನೆ ಎಂದೆ.

ಒಂದು ಶುಕ್ರವಾರ ಅವರ ಮನೆಯಲ್ಲಿ ಲಲಿತಾ ಸಹಸ್ರನಾಮ ಇಟ್ಟುಕೊಂಡಿದ್ದರು. ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದು ಹೇಳಿದ್ದರಿಂದ ಹೋದೆವು. ಹತ್ತು ಹನ್ನೆರಡು ಹೆಂಗಸರು. ಅಮ್ಮ ನನ್ನನ್ನು ಎಲ್ಲರಿಗೂ ತೋರಿಸಿ, ನನ್ನ ದೇವರಿಗೆ ಹೂವು ಕೊಟ್ಟವರು ಇವರೇ ಎಂದರು. ಹೊರಡುವಾಗ ನನ್ನ ಹೆಂಡತಿಗೆ ಕುಂಕುಮ ಕೊಟ್ಟು, ಪ್ರಸಾದದ ಮಲ್ಲಿಗೆಯನ್ನು ಒಂದು ಮೊಳ ಮುರಿದು ತಾವೇ ಮುಡಿಸಿದರು.

ಕಾರು ಹೆದ್ದಾರಿಗೆ ಬಂದ ಮೇಲೆ ಹೆಂಡತಿ ಹೂವು ಹೊಗಳಿದಳು. ಇಲ್ಲಿಯ ಉಪ್ಪುನೀರಿನಲ್ಲಿ ಇಷ್ಟು ಚೆಂದ ಹೇಗೆ ಎಂದು ಕೇಳಿದಳು. ಉಪ್ಪುನೀರಲ್ಲ, ನೇರಳೆ ಪೈಪಿನದ್ದು ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಇಪ್ಪತ್ತು ವರ್ಷದಿಂದ ನನ್ನ ಕೆಲಸದ ಮಾತು ಕೇಳಿದವಳಿಗೆ ಅದು ಯಾವ ನೀರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಮುಡಿಯಿಂದ ಹೂವು ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು.

"ಅವರಿಗೆ ಗೊತ್ತುಂಟಾ?"

"ಇಲ್ಲ."

"ನೆಲಕ್ಕೆ ಬಿದ್ದ ಮೊಗ್ಗನ್ನು ಅತ್ತೆ ದೇವರ ಹೂವಿಗೆ ಸೇರಿಸ್ತಿರ್ಲಿಲ್ಲ. ನೀವು ಅವರ ಮಗ."

ನಾನು ವಾದ ಮಾಡಿದೆ. ಮಣ್ಣಿಗೆ ಹೋದ ಮೇಲೆ ಎಲ್ಲ ನೀರೂ ಒಂದೇ, ಊರಿನಲ್ಲಿ ನಾವು ಮಲ್ಲಿಗೆಗೆ ಹಾಕುತ್ತಿದ್ದದ್ದು ಸೆಗಣಿಯಲ್ಲವಾ ಎಂದೆ. ಸೆಗಣಿ ಹಾಕುವುದು ಅತ್ತೆಗೆ ಗೊತ್ತಿತ್ತು ಎಂದಳು ಅವಳು. ಮನೆ ಮುಟ್ಟುವವರೆಗೆ ಹೂವು ಡ್ಯಾಶ್‌ಬೋರ್ಡಿನ ಮೇಲೆಯೇ ಇತ್ತು.

ಎರಡು ದಿನ ಸುಮ್ಮನಿದ್ದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪೈಪು ಮಣ್ಣಿನ ಕೆಳಗಿದೆ. ರಜೆಯಲ್ಲಿ ಅವರು ಊರಿಗೆ ಹೋದಾಗ ಕಲ್ಲು ಕಿತ್ತು ಸದ್ದಿಲ್ಲದೆ ಬದಲಾಯಿಸಬಹುದು ಎಂದೂ ಯೋಚಿಸಿದೆ. ಹೇಳಿದರೆ ಇಷ್ಟು ವರ್ಷ ಸಂಪಾದಿಸಿದ ಹೆಸರು ಅಲ್ಲಿಗೆ ಮುಗಿಯಿತು, ಆ ಮನೆಯಿಂದ ಇನ್ನೊಂದು ಮನೆಗೆ ಮಾತು ಹೋಗಲು ಒಂದು ಗಂಟೆ ಸಾಕು. ಆದರೆ ಬೆಳಿಗ್ಗೆ ಮತ್ತೆ ಫೋಟೋ ಬಂತು. ಈ ಸಲ ಚಿಹ್ನೆ ಕಳಿಸಲು ಕೈ ಏಳಲಿಲ್ಲ. ಅವತ್ತೇ ಹೊರಟೆ.

ಅಮ್ಮ ಕಾಫಿ ತಂದಿಟ್ಟರು. ನಾನು ಕಾಫಿ ಮುಟ್ಟದೆ ವಿಷಯ ಹೇಳಿದೆ. ಪಠಾಣನ ಮೇಲೆ ಹಾಕಲಿಲ್ಲ, ಜೋಡಿಸು ಅಂದವನು ನಾನೇ ಎಂದೆ. ಅವರು ಮೊದಲು ಅರ್ಥವಾಗದವರ ಹಾಗೆ ನೋಡಿದರು. ಎದ್ದು ಹೋಗಿ ಕಿಟಕಿಯಿಂದ ಮಲ್ಲಿಗೆಯ ಸಾಲು ನೋಡಿ ಬಂದರು.

"ಮೊದಲನೇ ದಿನದಿಂದಾನಾ?"

"ಹೌದಮ್ಮ."

"ಎರಡು ಹೂವನ್ನ ಹೊಡೆದು ಹಾಕಿದಿರಲ್ಲ ಅವತ್ತು, ಬದುಕಲ್ಲ ಅಂತ. ಅದಕ್ಕೇ ನಿಮ್ಮನ್ನ ನಂಬಿದ್ದು ನಾನು. ಇದೊಂದು ಹೇಳೋಕೆ ಏನಾಗಿತ್ತು ನಿಮಗೆ?"

ಕಲ್ಲು ಹಾಸಿದ್ದರು, ಮರುದಿನ ಬೇರೆ ಕಡೆ ಕೆಲಸವಿತ್ತು ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿದ ಮೇಲೆ ಅದು ಹೇಳುವಂಥ ಕಾರಣ ಅನ್ನಿಸಲಿಲ್ಲ. ತಪ್ಪಾಯಿತು ಎಂದೆ. ಯಜಮಾನರು ಒಳಗಿನಿಂದ ಬಂದು, ವೈಜ್ಞಾನಿಕವಾಗಿ ನೋಡಿದರೆ ಆ ನೀರಿನಲ್ಲಿ ದೋಷವೇನಿಲ್ಲ ಎಂದು ಶುರು ಮಾಡಿದರು. ಅಮ್ಮ ಅವರ ಕಡೆ ತಿರುಗಲೂ ಇಲ್ಲ. ನನ್ನನ್ನೇ ಕೇಳಿದರು, ಈಗ ಸಿಹಿನೀರು ಕೊಟ್ಟರೆ ಗಿಡದೊಳಗಿನ ಆ ನೀರು ಎಷ್ಟು ದಿನಕ್ಕೆ ಹೋಗುತ್ತದೆ?

ಗಿಡದ ಬಗ್ಗೆ ಕೇಳಿದ ಪ್ರಶ್ನೆಗೆ ನನಗೆ ಗೊತ್ತಿಲ್ಲ ಎಂದು ಆ ಊರಿನಲ್ಲಿ ನಾನು ಹೇಳಿದ್ದು ಅದೇ ಮೊದಲು. ಏನೋ ಒಂದು ಲೆಕ್ಕ ಹೇಳಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ಗೊತ್ತಿಲ್ಲ ಎಂದೇ ಹೇಳಿದೆ. ಅವರು, ಹಾಗಾದರೆ ಬುಡದವರೆಗೆ ಕತ್ತರಿಸಿ, ಸಿಹಿನೀರಿನಲ್ಲಿ ಬಂದ ಹೊಸ ಚಿಗುರಿನ ಹೂವು ಮಾತ್ರ ದೇವರಿಗೆ ಇಡುತ್ತೇನೆ ಎಂದರು. ಅದು ಅವರ ತೀರ್ಮಾನ. ತೋಟದ ಲೆಕ್ಕದಲ್ಲೂ ತಪ್ಪಿಲ್ಲದ ತೀರ್ಮಾನ.

ಮರುದಿನ ನಾನೊಬ್ಬನೇ ಹೋದೆ. ಕೆಲಸದವರನ್ನು ಕರೆದುಕೊಂಡು ಹೋಗಬಹುದಿತ್ತು, ಮನಸ್ಸಾಗಲಿಲ್ಲ. ಒಂದೊಂದೇ ಕಲ್ಲು ಎಬ್ಬಿಸಿ, ಕಾಲುವೆ ತೋಡಿ, ಸಿಹಿನೀರಿನ ಪೈಪು ದಾಟಿಸಿದೆ. ನೇರಳೆ ಪೈಪಿನ ಬಾಯಿಗೆ ಬಿರಡೆ ಹಾಕಿ, ಅದನ್ನು ಅಮ್ಮನನ್ನು ಕರೆದು ತೋರಿಸಿದ ಮೇಲೆಯೇ ಮಣ್ಣು ಮುಚ್ಚಿದೆ. ಮೊಗ್ಗು ತುಂಬಿದ ಗಿಡಗಳನ್ನು ಕತ್ತರಿಸಿದೆ. ಮೊಗ್ಗಿದ್ದ ಮಲ್ಲಿಗೆಗೆ ಕತ್ತರಿ ಹಾಕಿದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಕಲ್ಲುಗಳನ್ನು ಮೊದಲಿನ ಹಾಗೆಯೇ ಕೂರಿಸಲು ಎರಡು ದಿನ ಹಿಡಿಯಿತು.

ಮಲ್ಲಿಗೆ ಬೇಕು ಎಂದಿದ್ದ ಇಬ್ಬರೂ ಮತ್ತೆ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಅಮ್ಮ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ, ತಿಂಗಳಿಗೆ ಎರಡು ಸಲ ಈಗಲೂ ಹೋಗುತ್ತೇನೆ. ಹೊರಗಿನ ಘಾಫ್‌ಗಳು ಗೋಡೆಗಿಂತ ಎತ್ತರವಾಗಿವೆ. ಮಲ್ಲಿಗೆ ಮೇ ತಿಂಗಳ ಕೊನೆಗೆ ಮತ್ತೆ ಹೂವು ಬಿಟ್ಟಿತು, ಮೊದಲಿನಷ್ಟು ದಪ್ಪ ಮೊಗ್ಗಲ್ಲ. ಫೋಟೋ ಬರುವುದಿಲ್ಲ. ನಾನು ಹೊಸ ಗಿಡ ನೆಟ್ಟಾಗಲೆಲ್ಲ ಅಮ್ಮ ಬಂದು ನಿಂತು, ಇದಕ್ಕೆ ಯಾವ ನೀರು ಎಂದು ಕೇಳುತ್ತಾರೆ. ಹೇಳುತ್ತೇನೆ. ಆದರೂ ಅವರು ನಲ್ಲಿಯಿಂದ ಶುರು ಮಾಡಿ ಪೈಪು ಹೋದ ದಾರಿಯಲ್ಲಿ ತಾವೇ ನಡೆದು, ಗಿಡದ ಬುಡದವರೆಗೂ ನೋಡಿ ಬರುತ್ತಾರೆ.