ಮಗುಚಿ ನೋಡಿದ ಸುರುಳಿ

ಲೇಸರ್ ತಾಗಿದ ಲೋಹದ ಚೂರು ಕಣ್ಣೆವೆ ಮುಚ್ಚುವುದರೊಳಗೆ ಪ್ಲಾಸ್ಮಾ ಎಂಬ ವಿದ್ಯುತ್ ತುಂಬಿದ ಕಾದ ಅನಿಲವಾಗಿ ಚಿಮ್ಮುತ್ತದೆ. ಆ ಕುದಿತದೊಳಗೆ ತಾನಾಗಿ ಹುಟ್ಟಿ ತಾನಾಗಿ ಅಳಿಯುವ ಕಾಂತಕ್ಷೇತ್ರವನ್ನು ಅಳೆಯುವ ಕೆಲಸಕ್ಕೆ ಮೂವತ್ತನಾಲ್ಕು ವರ್ಷ ಸವೆಸಿ, ಈ ತಿಂಗಳು ನಿವೃತ್ತರಾಗುತ್ತಿರುವವರು ಬೆಟ್ಟದಪುರದ ಡಾ. ಕಾಂತರಾಜು ಅವರು. ಹೆತ್ತವರು ಹೆಸರಿಡುವಾಗಲೇ ಇವರನ್ನು ಕೆಲಸಕ್ಕೂ ಸೇರಿಸಿಬಿಟ್ಟಿದ್ದರೆಂದು ಸಹೋದ್ಯೋಗಿಗಳು ಛೇಡಿಸುವುದುಂಟು.

ಅವರ ಸಾಧನ ಮೆಣಸಿನ ಕಾಳಿನಷ್ಟು ಪುಟ್ಟದಾದ ತಂತಿಯ ಸುರುಳಿ. ಕಾಂತಕ್ಷೇತ್ರ ಬದಲಾದಾಗ ಅದರಲ್ಲಿ ವಿದ್ಯುತ್ ಮೂಡಿ ಪರದೆಯ ಮೇಲೆ ಅಲೆಯಾಗಿ ಕಾಣುತ್ತದೆ. ಆದರೆ ಪ್ಲಾಸ್ಮಾದ ಬರಿಯ ವಿದ್ಯುತ್ ಗದ್ದಲವೂ ಅಂಥದೇ ಅಲೆಯನ್ನು ಬರೆಯಬಲ್ಲದು. ನಿಜ ತಿಳಿಯಬೇಕಾದರೆ ಸುರುಳಿಯನ್ನು ಮಗುಚಿ ಇನ್ನೊಮ್ಮೆ ಲೇಸರ್ ಹಾರಿಸಬೇಕು: ಕಾಂತಕ್ಷೇತ್ರದ್ದಾದರೆ ಅಲೆ ತಲೆಕೆಳಗಾಗುತ್ತದೆ, ಗದ್ದಲದ್ದಾದರೆ ಹಾಗೇ ಇರುತ್ತದೆ. "ರೊಟ್ಟೀನಾದ್ರೂ ಒಂದೇ ಮಗ್ಗಲು ಬೇಯಿಸ್ಕೊಂಡು ತಿಂತೀರೇನ್ರಯ್ಯಾ?" ಎಂದು ಅವರಿಂದ ಬೈಸಿಕೊಳ್ಳದ ಶಿಷ್ಯರಿಲ್ಲ.

ಅವರ ಕೊನೆಯ ಶಿಷ್ಯೆ, ಕೆ.ಆರ್. ನಗರದ ಹರ್ಷಿತಾ ಮೊದಲ ವರ್ಷ ಸುರುಳಿ ಸುತ್ತಲು ಕೂತರೆ ಬಿಗಿಹಿಡಿತಕ್ಕೆ ತಂತಿ ತುಂಡಾಗುತ್ತಿತ್ತು. ಕಾಂತರಾಜು ಅವರು ಗದರಲಿಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಒಂದು ವಾರ ಬೆಟ್ಟದಪುರದ ತಮ್ಮ ಮನೆಗೆ ಕಳಿಸಿದರು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದ ಅವರ ತಾಯಿ ರಾಮಮ್ಮನವರು, "ಗಟ್ಟಿಯಾಗಿ ಇಡ್ಕಬ್ಯಾಡ ಕಣವ್ವ, ಎಲೆಗೆ ನೋವಾಯ್ತದೆ" ಎಂದರಂತೆ. ಹರ್ಷಿತಾ ಮರಳಿ ಬಂದ ಮೇಲೆ ತಂತಿ ತುಂಡಾಗುವುದು ನಿಂತಿತು.

ಹನ್ನೊಂದು ವರ್ಷದ ಹಿಂದೆ ಗುರುಗಳಿಗೆ ಹೆಸರು ತಂದ ಅಳತೆಯ ಮೇಲೆಯೇ ಅವಳ ಪ್ರಬಂಧ ನಿಂತಿತ್ತು. ಕಳೆದ ವರ್ಷ ಅದೇ ಪ್ರಯೋಗವನ್ನು ಮತ್ತೆ ಮಾಡಿ ಸುರುಳಿ ಮಗುಚಿದಳು. ಅಲೆ ತಲೆಕೆಳಗಾಗಲಿಲ್ಲ. ಗುರುಗಳ ಹೆಸರು, ತನ್ನ ಐದು ವರ್ಷದ ದುಡಿಮೆ, ಎರಡೂ ಆ ಒಂದು ಗೆರೆಯಲ್ಲಿ ಮುಳುಗುತ್ತವಲ್ಲ ಎಂದುಕೊಂಡು ಇನ್ನೆರಡು ಸಲ ಮಗುಚಿ ನೋಡಿದಳು. ಮೂರು ದಿನ ಅವರ ಕೋಣೆಯ ಮುಂದೆ ಸುಳಿದಾಡಿ, ಕೊನೆಗೆ ಆ ಅಲೆ ಅಚ್ಚಾದ ಕಾಗದವನ್ನು ಅವರ ಮೇಜಿನ ಮೇಲಿಟ್ಟಳು.

"ತಂತಿ ಸಡ್ಲ ಆಗಿತ್ತೇನವ್ವ?"

"ಇಲ್ಲ ಸಾರ್. ಮೂರ್ ಸಲ ಮಗುಚಿದೆ."

ಕಾಂತರಾಜು ಅವರು ಕನ್ನಡಕ ತೆಗೆದಿಟ್ಟರು. "ಅವತ್ತು ನಾನೇ ಮಗುಚ್ನಿಲ್ಲ ಕಣವ್ವ. ಅಲೆ ಅಷ್ಟು ಚೆಂದಾಗಿ ಬಂದಿತ್ತು, ಇನ್ನೊಂದ್ ಸಲ ನೋಡಕ್ಕೆ ಮನಸ್ಸೇ ಬರ್ನಿಲ್ಲ."

"ನನ್ನ ಥೀಸಿಸ್ ಸಾರ್?"

"ಇದೇ ಕಣವ್ವ ನಿನ್ ಥೀಸಿಸ್." ಕಾಗದವನ್ನು ಕಣ್ಣ ಹತ್ತಿರ ಹಿಡಿದು ಕೇಳಿದರು: "ಅಂಗಾದ್ರೆ ಈ ಅಲೆ ಎಲ್ಲಿಂದ ಬಂತು?"

ತಪ್ಪೊಪ್ಪಿಕೊಂಡ ಅವರ ಪತ್ರ ವಿಜ್ಞಾನ ಪತ್ರಿಕೆಯಲ್ಲಿ, ತಮ್ಮ ಹೆಸರಿಗಿಂತ ಮೊದಲು ಹರ್ಷಿತಾಳ ಹೆಸರಿನೊಂದಿಗೆ ಅಚ್ಚಾಯಿತು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಪ್ರಕಟಣೆಗಳ ಪಟ್ಟಿಯಲ್ಲಿ ಅದೇ ಮೊದಲಿರಬೇಕೆಂದು ಅವರು ಹಟ ಹಿಡಿದದ್ದರಿಂದ ಸಂಪಾದಕರು ಸೋತರು.

ಡಾ. ಕಾಂತರಾಜು ಅವರು ಆರೋಗ್ಯದಿಂದ ನೂರ್ಕಾಲ ಬಾಳಲಿ. ಆ ಅಲೆ ಎಲ್ಲಿಂದ ಬಂತೆಂಬುದು ಇನ್ನೂ ಗೊತ್ತಾಗಿಲ್ಲ. ನಿವೃತ್ತಿಯ ಮಾರನೆಯ ದಿನದಿಂದಲೇ ಪ್ರಯೋಗಾಲಯಕ್ಕೆ ಬರುತ್ತೇನೆ, ಮೂಲೆಯಲ್ಲೊಂದು ಸ್ಟೂಲ್ ಇದ್ದರೆ ಸಾಕು ಎಂದಿದ್ದಾರೆ. ಹರ್ಷಿತಾ ಆಗಲೇ ಅಕ್ಕಪಕ್ಕ ಎರಡು ಸ್ಟೂಲ್ ಹಾಕಿಟ್ಟಿದ್ದಾಳೆ.